ಎಡ ಒಂದು, ಬಲ ಒಂದು

ಇದು ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವನು ನಮ್ಮ ಸೋದರಮಾವ, ಅವ್ವನ ಅಣ್ಣ. ಬೇರೆ ಯಾರಾದರೂ ಹೇಳಿದ್ದರೆ ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ನಮ್ಮ ಕಡೆಯವರಲ್ಲಿ ಸರ್ಕಾರಿ ಕೆಲಸ ಹಿಡಿದ ಒಬ್ಬನೇ ಮನುಷ್ಯ ಅವನು. ಬೆಂಗಳೂರಿನ ದೊಡ್ಡ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಜವಾನನಾಗಿದ್ದ. ಕಚೇರಿ ಎಂದರೆ ಏನೆಂದು ನಮಗೆಲ್ಲ ಗೊತ್ತಾಗುತ್ತಿದ್ದುದೇ ಅವನ ಬಾಯಿಂದ.

"ನೋಡು ಮಗಾ," ಎಂದ, "ಆ ಬಾಗ್ಲಲ್ಲಿ ನಿಂತೂ ನಿಂತೂ ನನ್ ಇಮ್ಮಡಿ ಸವೆದೋಗದೆ. ಯಾರ ಕಾಗ್ದ ಒಳಿಕ್ಕೆ ಓಯ್ತದೆ, ಯಾರ್ದು ಈಚಿಕ್ಕೆ ಬತ್ತದೆ, ಎಲ್ಲಾ ನೋಡಿವ್ನಿ. ನಮ್ಮಂತೋರ್ದು ಒಳಿಕ್ಕೆ ಓಗಿದ್ದು ನೋಡಿವ್ನಿ. ಈಚಿಕ್ಕೆ ಬಂದಿದ್ದು ಮಾತ್ರ ನೋಡಿಲ್ಲ."

ನಾನು ಕೇಳುತ್ತಿದ್ದುದು ಒಂದು ಗುತ್ತಿಗೆದಾರರ ನೋಂದಣಿ ಪತ್ರ. ಪೋಲಿಯೋ ಬಂದ ಮಕ್ಕಳಿಗೆ ಶೂ ಹೊಲಿದು ಸರ್ಕಾರಿ ಆಸ್ಪತ್ರೆಗೆ ಒದಗಿಸಲು ಅದು ಬೇಕಿತ್ತು. ಹೊಲಿಯುವ ಕೈ ನಮ್ಮಪ್ಪನದು. ಅರ್ಜಿ ಬರೆಯುವ ಕೈ ನನ್ನದು. ಎರಡು ಕೈ ಸಾಕು ಎಂದುಕೊಂಡಿದ್ದೆ.

ನಾವು ತೊಗಲಿನ ಕೆಲಸದವರು. ಪೀಣ್ಯ ಬರೀ ಹೊಲ, ಬಾವಿ, ರಾಗಿ ಕಣಗಳ ಊರಾಗಿದ್ದಾಗ ನಮ್ಮಪ್ಪ ಸುತ್ತಲ ಹಳ್ಳಿಗಳಿಗೆಲ್ಲ ಕಪಿಲೆ ಬಾವಿಯ ತೊಗಲ ಚೀಲ ಹೊಲಿದುಕೊಡುತ್ತಿದ್ದ. ಎತ್ತುಗಳು ಹಗ್ಗ ಎಳೆದರೆ ಆ ಚೀಲದಲ್ಲಿ ನೀರು ಮೇಲೆ ಬರಬೇಕು, ಒಂದು ತೊಟ್ಟೂ ಸೋರಬಾರದು. ಪಂಪುಸೆಟ್ಟು ಬಂದ ಮೇಲೆ ಚೀಲದ ಕೆಲಸ ನಿಂತಿತು. ಆಮೇಲೆ ಹೊಲಗಳೂ ಹೋಗಿ ಕಾರ್ಖಾನೆಗಳೆದ್ದವು. ಅಪ್ಪ ಅಲ್ಲಿಗೂ ಹೋದ. ಹಳೆಯ ಯಂತ್ರಗಳನ್ನು ತಿರುಗಿಸುವ ತೊಗಲ ಪಟ್ಟಿ ಹರಿದರೆ ಅದನ್ನು ಹೊಲಿಯುವವರು ಬೇಕಿತ್ತು. ರಾಜಗೋಪಾಲನಗರದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಅದೇ ಕೆಲಸ ಮಾಡುತ್ತ ನನ್ನನ್ನು ಓದಿಸಿದ.

ನಮ್ಮ ಮನೆತನದಲ್ಲಿ ಮೊದಲು ಎಸ್ಸೆಸ್ಸೆಲ್ಸಿ ಪಾಸಾದವಳೂ ನಾನೇ, ಮೊದಲು ಬಿ.ಎಸ್ಸಿ. ಮಾಡಿದವಳೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ನನಗೆ ಅದನ್ನು ಬಿಟ್ಟಿಯಾಗಿ ಕೊಡಲಿಲ್ಲ. ಸಂಕೋಚ ಇರುವುದು ಬೇರೆ ವಿಷಯಕ್ಕೆ. ಕಾಲೇಜಿನಲ್ಲಿ ಯಾರಾದರೂ ಕೇಳಿದರೆ, "ನಮ್ಮ ತಂದೆ ಪೀಣ್ಯದಲ್ಲಿ ಬೆಲ್ಟ್ ಡಿಪಾರ್ಟ್‌ಮೆಂಟಿನಲ್ಲಿದ್ದಾರೆ" ಎನ್ನುತ್ತಿದ್ದೆ. ಮೂರು ವರ್ಷ ಹಾಗೆ ಹೇಳಿಕೊಂಡೇ ಕಳೆದೆ.

ಶೂ ಕೆಲಸ ಶುರುವಾದದ್ದು ಪಕ್ಕದ ಮನೆಯ ಮಗುವಿನಿಂದ. ಅದರ ತಂದೆ ಲೇತ್ ಕೆಲಸಗಾರ. ಮಗುವಿನ ಎಡಗಾಲಿಗೆ ಪೋಲಿಯೋ. ಆಸ್ಪತ್ರೆಯಲ್ಲಿ ಕಾಲಿಗೆ ಕಟ್ಟುವ ಕಬ್ಬಿಣದ ಸರಳು, ಅಂದರೆ ಕ್ಯಾಲಿಪರ್, ಮಾಡಿಕೊಡುತ್ತಿದ್ದರು. ಆದರೆ ಆ ಸರಳು ಕೂರಲು ಗಟ್ಟಿಯಾದ ಶೂ ಬೇಕು, ಗಿಡ್ಡ ಕಾಲಿನ ಶೂವಿನ ಅಡಿಯ ಅಟ್ಟೆ ಎತ್ತರವಿರಬೇಕು. ಅಂಗಡಿಯ ಶೂ ತಿಂಗಳಿಗೆ ಬಾಯಿ ಬಿಡುತ್ತಿತ್ತು. ಅಪ್ಪ ಯಂತ್ರದ ಪಟ್ಟಿಯ ತೊಗಲನ್ನು ಪದರ ಪದರವಾಗಿ ಕೂಡಿಸಿ ಅಟ್ಟೆ ಮಾಡಿ ಒಂದು ಜೋಡಿ ಹೊಲಿದುಕೊಟ್ಟ. ಮಗು ಅದನ್ನು ಹಾಕಿಕೊಂಡು ಗೋಡೆ ಹಿಡಿಯದೆ ಹನ್ನೊಂದು ಹೆಜ್ಜೆ ಹಾಕಿತು. ಎಣಿಸಿದವಳು ನಾನು.

ಅಪ್ಪ ಅಳತೆ ತೆಗೆಯುತ್ತಿದ್ದುದು ದಾರದಲ್ಲಿ. ಬೆರಳ ತುದಿಯಿಂದ ಹಿಮ್ಮಡಿಗೆ ಒಂದು ಗಂಟು, ಪಾದದ ಸುತ್ತಿಗೆ ಒಂದು, ಕಾಲ ಗಿಣ್ಣಿಗೆ ಒಂದು. ಕಾಲಿಗೊಂದು ದಾರ, ಮಗುವಿಗೆ ಎರಡು ದಾರ. ಶೆಡ್ಡಿನ ಗೋಡೆಯ ಮೊಳೆಗಳಿಗೆ ಅವು ಜೋತುಬಿದ್ದಿರುತ್ತಿದ್ದವು. ಯಾವುದು ಯಾರದೆಂದು ಅವನು ಒಂದು ದಿನವೂ ತಪ್ಪಲಿಲ್ಲ.

ಮೊದಲೆರಡು ವರ್ಷ ನಮ್ಮ ಶೂ ಆಸ್ಪತ್ರೆಗೆ ಹೋಗುತ್ತಿದ್ದುದು ಪೇಟೆಯ ಅಂಗಡಿಯೊಂದರ ಮೂಲಕ. ಒಳಗೆ ಅವರ ಹೆಸರಿನ ಚೀಟಿ ಅಂಟಿಸುತ್ತಿದ್ದರು. ನೋಂದಣಿ ಇದ್ದುದು ಅವರಿಗೆ, ತೊಗಲು ಚುಚ್ಚುವ ಆರೆ ಹಿಡಿದು ಹೊಲಿಯುತ್ತಿದ್ದವನು ಅಪ್ಪ. ಅಂಗಡಿಯವರು ಆ ವ್ಯಾಪಾರವೇ ಸಾಕೆಂದು ಬಿಟ್ಟುಬಿಟ್ಟಾಗ ನಾವು ನೇರವಾಗಿ ಆಸ್ಪತ್ರೆಗೆ ಹೋದೆವು. ಅಷ್ಟರಲ್ಲಿ ಪಕ್ಕದ ಮನೆಯ ಮಗುವಿಗೆ ಆರು ತುಂಬಿತ್ತು, ಹಳೆಯ ಶೂ ಚಿಕ್ಕದಾಗಿತ್ತು. ಅಪ್ಪ ಹೊಸದನ್ನು ಹೊಲಿದಿಟ್ಟಿದ್ದ.

ಸರಳು ಜೋಡಿಸುವ ವಿಭಾಗದವರು ಶೂವನ್ನು ಮುಟ್ಟಲೂ ಇಲ್ಲ. "ನೋಂದಾಯಿತ ಗುತ್ತಿಗೆದಾರರಿಂದ ಬಂದಿದ್ದಕ್ಕೆ ಮಾತ್ರ ನಾವು ಕೈ ಹಾಕೋದು."

"ಪುಕ್ಕಟೆ ಕೊಡ್ತೀವಿ ಸಾರ್."

"ಪುಕ್ಕಟೆ ತಗೊಳ್ಳೋಕೆ ನಮ್ಮಲ್ಲಿ ರೂಲ್ ಇಲ್ಲಮ್ಮ."

ಅತ್ತ ಶಾಲೆಯ ಹೆಡ್‌ಮಾಸ್ಟರು ಮಗುವಿನ ತಂದೆಗೆ ಹೇಳಿದ್ದರು: "ಜೂನ್‌ಗೆ ನಡ್ಕೊಂಡು ಬಂದ್ರೆ ಸೇರಿಸ್ಕೋತೀನಿ. ಎತ್ಕೊಂಡು ಬಂದು ಬಿಟ್ಟುಹೋದ್ರೆ ನೋಡ್ಕೊಳ್ಳೋರು ಯಾರು?" ನಾನು ಆಸ್ಪತ್ರೆಯಿಂದ ಹಿಂತಿರುಗಿದ್ದು ಶಿವರಾತ್ರಿಯ ಹಿಂದಿನ ದಿನ. ಜೂನ್‌ಗೆ ಇನ್ನೂ ಮೂರು ತಿಂಗಳ ಮೇಲಿತ್ತು. ಬೇಕಾದಷ್ಟಾಯಿತು ಎಂದು ನಂಬಿದ್ದೆ. ಡಿಗ್ರಿ ಮಾಡಿದವರ ಮೂರ್ಖತನವೇ ಬೇರೆ.

ಖರೀದಿ ಕಚೇರಿಯ ಗುಮಾಸ್ತರು ಬೇಕಾದ ಕಾಗದಗಳ ಪಟ್ಟಿ ಕೊಟ್ಟರು. ಮಾಲೀಕರ ವಿದ್ಯಾರ್ಹತೆ. ಕುಶಲಕರ್ಮಿಯ ಅನುಭವ ಪತ್ರ, ಅವನ ಹಿಂದಿನ ಮಾಲೀಕರಿಂದ. ಶೆಡ್ಡಿನ ಕಾಗದ. ಅಳತೆ ಪುಸ್ತಕ. ಪರಿಶೀಲನೆಗೆ ಒಂದು ಜೋಡಿ ಮಾದರಿ. ಎಲ್ಲದಕ್ಕೂ ಟೈಪು ಮಾಡಿಸಿದ ನಕಲು, ನಕಲಿನ ಮೇಲೆ ಗೆಜೆಟೆಡ್ ಅಧಿಕಾರಿಯ ಸಹಿ, ಸೀಲು.

ನನ್ನ ಡಿಗ್ರಿಯನ್ನು ನೋಡಿ ಅವರು ಕನ್ನಡಕ ಮೇಲೇರಿಸಿದರು. "ಬಿ.ಎಸ್ಸಿ. ಮಾಡಿ ಚಪ್ಪಲಿ ಹೊಲೀತೀರಾ?"

"ಚಪ್ಪಲಿ ಅಲ್ಲ ಸಾರ್, ಶೂ. ಹೊಲಿಯೋರು ನಮ್ಮ ತಂದೆ."

"ಅವರ ವಿದ್ಯಾರ್ಹತೆ?"

"ಐವತ್ತು ವರ್ಷದಿಂದ ಹೊಲೀತಿದ್ದಾರೆ."

"ಅದು ವಿದ್ಯಾರ್ಹತೆ ಅಲ್ಲಮ್ಮ, ವಯಸ್ಸು," ಎಂದು ಪಕ್ಕದ ಮೇಜಿನವರ ಕಡೆ ತಿರುಗಿ ನಕ್ಕರು.

ನಕಲುಗಳಿಗೆ ಸಹಿ ಹಾಕಿಸಲು ನಾಲ್ಕು ಸಲ ಹೋದೆ. ಒಬ್ಬ ಅಧಿಕಾರಿ ಮೀಟಿಂಗಿನಲ್ಲಿ, ಒಬ್ಬರು ರಜೆಯಲ್ಲಿ, ಒಬ್ಬರಿಗೆ ನನ್ನ ಪರಿಚಯವಿಲ್ಲ. ಪರಿಚಯವಿಲ್ಲದವರ ನಕಲಿಗೆ ಸಹಿ ಹಾಕುವುದಿಲ್ಲವಂತೆ. ಐದನೆಯ ಸಲ ಕಚೇರಿಯ ಹೊರಗೆ ಮರದಡಿ ಕೂತಿದ್ದ ಟೈಪಿಸ್ಟು, "ಕೊಡಿ ಮೇಡಂ, ಒಳಗಡೆಯಿಂದ ಹಾಕಿಸ್ಕೊಂಡ್ ಬರ್ತೀನಿ," ಎಂದು ತಗೊಂಡು ಹೋಗಿ ಹತ್ತೇ ನಿಮಿಷದಲ್ಲಿ ತಂದುಕೊಟ್ಟ. ಎಂಥ ಅಂದವಾದ ಸೀಲು! ಅಚ್ಚು ಹಾಕಿದ ಹಾಗೆ ದುಂಡಗೆ, ನೆಟ್ಟಗೆ, ಒಂದಕ್ಷರ ಮಸುಕಿಲ್ಲ.

ಭಾನುವಾರ ಮಾವ ಬಂದಾಗ ಹೆಮ್ಮೆಯಿಂದ ತೋರಿಸಿದೆ. ಅವನಿಗೆ ಇಂಗ್ಲಿಷು ಓದಲು ಬರುವುದಿಲ್ಲ. ಸೀಲನ್ನು ನೋಡಿದ, ಕಾಗದವನ್ನು ತಿರುಗಿಸಿ ಬೆನ್ನನ್ನೂ ನೋಡಿದ.

"ಎಲ್ಲಿ ಮಾಡಿಸ್ದೆ ಇದ್ನ?"

"ಕಚೇರೀಲಿ."

"ಸುಳ್ಳು. ಯಾವ್ ಕಚೇರೀಲಿ ಇಷ್ಟು ನೆಟ್ಟಗೆ ಸೀಲ್ ಬೀಳ್ತದೆ? ಒತ್ತೋನು ನಾನು. ಒಂದ್ ಕೈಲಿ ಸೀಲು, ಒಂದ್ ಕೈಲಿ ಟೀ ಲೋಟ, ಎದ್ರಿಗೆ ಮುನ್ನೂರ್ ಕಾಗ್ದ. ನೆಟ್ಟಗೆ ಒತ್ತಾಕೆ ಯಾರ್ಗ್ ಪುರ್ಸೊತ್ತದೆ? ಇದು ಡೂಪ್ಲಿಕೇಟು ಮಗಾ. ಅರ್ದಾಕು. ಇದ್ನ ಒಳಿಕ್ಕೆ ಕೊಟ್ಟಿದ್ರೆ ನಿನ್ನೇ ಒಳಿಕ್ಕೆ ಆಕೋರು."

ಹರಿದು ಒಲೆಗೆ ಹಾಕಿದೆ. ಆರನೆಯ ಸಲ ಹೋಗಿ, ಮೂರು ಗಂಟೆ ನಿಂತು, ಸರಿಯಾದ ಸಹಿ ತಂದೆ. ಹೌದು, ಆ ಸೀಲಿನ ಅರ್ಧ ಭಾಗ ಕಾಗದದ ಅಂಚಿನಿಂದ ಹೊರಗಿತ್ತು.

ಅನುಭವ ಪತ್ರ ಇನ್ನೊಂದು ಕತೆ. ಅಪ್ಪನ ಹಿಂದಿನ ಮಾಲೀಕರು ಯಾರು? ಸುತ್ತಲ ಹಳ್ಳಿಗಳ ಒಕ್ಕಲುಗಳೆಲ್ಲ. ಅವರಲ್ಲಿ ಸಹಿ ಹಾಕಲು ಬರುತ್ತಿದ್ದವರು ನಮ್ಮೂರ ದೊಡ್ಡ ಗೌಡರು. ಹೊಲ ಹೋದ ಮೇಲೆ ಉಳಿದ ಜಾಗದಲ್ಲಿ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ನಾನು ಹೋದಾಗ ಜಗಲಿಯ ಮೇಲಿದ್ದರು. ನಾನು ಅಂಗಳದಲ್ಲಿ ನಿಂತೆ. ಬಿ.ಎಸ್ಸಿ. ಆದಮೇಲೂ ಅಂಗಳದಲ್ಲೇ ನಿಂತೆ.

"ಕಾಗ್ದ ಯಾತಕ್ಕಮ್ಮಿ? ನಿಮ್ಮಪ್ಪನ ಕೆಲ್ಸ ನಂಗೊತ್ತಿಲ್ವಾ?"

"ನಿಮಗೆ ಗೊತ್ತು ಗೌಡ್ರೇ. ಸರ್ಕಾರಕ್ಕೆ ಗೊತ್ತಿಲ್ಲ."

ಅದಕ್ಕೆ ಅವರು ನಕ್ಕು, ಪೆನ್ನು ತರಿಸಿ, ಮೊಣಕಾಲ ಮೇಲೆ ಕಾಗದವಿಟ್ಟುಕೊಂಡು ಬರೆದರು. "ಇವನು ನಮ್ಮ ಬಾವಿಗೆ ಮೂವತ್ತು ವರ್ಷ ಕಪಿಲೆಯ ಚೀಲ ಹೊಲಿದಿರುತ್ತಾನೆ. ಒಂದು ತೊಟ್ಟೂ ಸೋರಿರುವುದಿಲ್ಲ." ಬರೆದದ್ದನ್ನು ನನ್ನ ಕೈಗೆ ಕೊಡಲಿಲ್ಲ. ಜಗಲಿಯ ಅಂಚಿನಲ್ಲಿಟ್ಟು ಕೈ ಹಿಂದಕ್ಕೆ ತೆಗೆದರು. "ತಗೋ, ಅಲ್ಲಿಟ್ಟಿವ್ನಿ."

ತಗೊಂಡೆ. ಅಪ್ಪನಿಗೆ ಓದಿ ಹೇಳಿದಾಗ "ಸೋರಿರುವುದಿಲ್ಲ" ಎಂಬುದನ್ನು ಎರಡು ಸಲ ಓದಿಸಿಕೊಂಡ. ಅದನ್ನು ಹೇಗೆ ಕೊಟ್ಟರೆಂದು ನಾನು ಹೇಳಲಿಲ್ಲ, ಅವನೂ ಕೇಳಲಿಲ್ಲ.

ಯುಗಾದಿ ಕಳೆದು ಪರಿಶೀಲನೆಗೆ ಇನ್‌ಸ್ಪೆಕ್ಟರು ಬಂದರು. ಕೆಟ್ಟ ಮನುಷ್ಯರೇನಲ್ಲ, ಲಂಚ ಕೇಳಲಿಲ್ಲ. ಶೆಡ್ಡಿನ ನೆಲದ ಮೇಲೇ ಕುಕ್ಕರಗಾಲಲ್ಲಿ ಕೂತು ಚೀಲದಿಂದ ಸ್ಕೇಲು, ತಕ್ಕಡಿ, ಒಂದು ಹಾಳೆ ತೆಗೆದರು. ನಾವು ಮಾದರಿಯಾಗಿ ಇಟ್ಟಿದ್ದು ಪಕ್ಕದ ಮನೆಯ ಮಗುವಿನ ಜೋಡಿಯನ್ನೇ. ಅಪ್ಪ ಅದಕ್ಕಿಂತ ಚೆಂದವಾಗಿ ಏನನ್ನೂ ಹೊಲಿದಿರಲಿಲ್ಲ.

ಎಡದ್ದನ್ನು ಅಳೆದರು, ಬಲದ್ದನ್ನು ಅಳೆದರು. ಮತ್ತೆ ಎಡದ್ದನ್ನು ಅಳೆದರು. ತಕ್ಕಡಿಯ ಎರಡು ತಟ್ಟೆಗೂ ಒಂದೊಂದಿಟ್ಟರು. ಅಟ್ಟೆ ದಪ್ಪವಿದ್ದ ಎಡದ್ದು ಕೆಳಗಿಳಿಯಿತು.

"ಏನಮ್ಮ ಇದು? ಒಂದು ದೊಡ್ಡದು, ಒಂದು ಚಿಕ್ಕದು. ಒಂದರ ಹಿಮ್ಮಡಿ ಎತ್ತರ, ಇನ್ನೊಂದರದ್ದು ತಗ್ಗು. ನೋಡಿ ಇಲ್ಲಿ." ಹಾಳೆ ತೋರಿಸಿದರು. ಜೋಡಿಯ ಎರಡೂ ಶೂಗಳು ಅಳತೆ, ತೂಕ, ಹಿಮ್ಮಡಿಯ ಎತ್ತರದಲ್ಲಿ ಸಮನಾಗಿರತಕ್ಕದ್ದು. ಜವಾನರಿಗೂ ಪಹರೆಯವರಿಗೂ ಶೂ ಕೊಳ್ಳಲು ಯಾವಾಗಲೋ ಬರೆದಿದ್ದ ನಿಯಮ. ಶೂ ಎಂದರೆ ಶೂ. ಅದನ್ನೇ ಇದಕ್ಕೂ ಹಚ್ಚಿದ್ದರು.

"ಸಾರ್, ಪೋಲಿಯೋ ಬಂದ ಕಾಲು ಇನ್ನೊಂದು ಕಾಲಿಗೆ ಸಮ ಇರಲ್ಲ. ಅದಕ್ಕೇ ತಾನೇ ಈ ಶೂ?"

"ಅರ್ಥ ಆಗುತ್ತಮ್ಮ. ಆದ್ರೆ ಕಾಲಂ ಇಲ್ವಲ್ಲ."

ಅಪ್ಪ ಎದ್ದು ಹೋಗಿ ಪಕ್ಕದ ಮನೆಯಿಂದ ಮಗುವನ್ನು ಎತ್ತಿಕೊಂಡು ಬಂದು ಅವರ ಮುಂದೆ ಕೂರಿಸಿದ. "ಈ ಮಗೀನ್ ಕಾಲ್ ನೋಡಿ ಸ್ವಾಮಿ. ಆಮೇಲ್ ಯೋಳಿ."

ಇನ್‌ಸ್ಪೆಕ್ಟರು ಮಗುವನ್ನು ನೋಡಿದರು, ಮೆತ್ತಗೆ ತಲೆ ಸವರಿದರು. "ನಾನು ಇನ್‌ಸ್ಪೆಕ್ಷನ್ ಮಾಡೋಕೆ ಬಂದಿರೋದು ಶೂನ, ಯಜಮಾನ್ರೇ. ಕಾಲನ್ನಲ್ಲ."

ಹಾಳೆಯ ಮೇಲೆ 'ಡಿಫೆಕ್ಟಿವ್' ಎಂದು ಬರೆದರು. ಅಪ್ಪ ಅರ್ಥ ಕೇಳಿದ. ನಾನು ಹೇಳಿದೆ. ಐವತ್ತು ವರ್ಷದಲ್ಲಿ ಯಾರೂ ಅವನ ಕೆಲಸಕ್ಕೆ ಆ ಮಾತು ಅಂದಿರಲಿಲ್ಲ. ಅವನು ಶೂಗಳನ್ನು ಬಟ್ಟೆಯಲ್ಲಿ ಒರೆಸಿ ಹಲಗೆಯ ಮೇಲಿಟ್ಟು ಬೀಡಿ ಹಚ್ಚಿಕೊಂಡು ಹೊರಗೆ ಹೋದ.

ಆ ದಿನ ಸಂಜೆ ನಾನೂ ಅಪ್ಪನೂ ಜಗಳವಾಡಿದೆವು.

"ಒಂದೇ ಅಳತೆ ಜೋಡಿ ಹೊಲಿ ಅಪ್ಪ. ತೋರಿಸೋಕೆ ಅಷ್ಟೇ."

"ಯಾರ್ ಕಾಲ್ಗೆ?"

"ಯಾರ ಕಾಲಿಗೂ ಅಲ್ಲ. ಸ್ಯಾಂಪಲ್ಲು."

"ಕಾಲಿಲ್ದ ಮೆಟ್ಟು ನಾನ್ ಒಲಿಯಾಕಿಲ್ಲ."

ಅದು ನಮ್ಮ ಮನೆತನದ ಕಟ್ಟು. ಅಪ್ಪನೂ, ಅವರಪ್ಪನೂ ಸಂತೆಗೆಂದು ಮೆಟ್ಟು ಹೊಲಿದವರಲ್ಲ. ಕಾಲು ಎದುರಿಗಿರಬೇಕು, ದಾರ ಹಿಡಿಯಬೇಕು, ಆಮೇಲೆ ತೊಗಲಿಗೆ ಕತ್ತಿ. ಅಳತೆಯಿಲ್ಲದ ಮೆಟ್ಟು ಹೊಲಿಯುವುದು ಒಂದೇ ಸಂದರ್ಭದಲ್ಲಿ, ಸತ್ತವರ ಎಡೆಯ ಮುಂದೆ ಇಡಲು. ಅಂಥದ್ದನ್ನು ಮಗಳ ಕೆಲಸದ ಹೆಸರಿನಲ್ಲಿ ಮಾಡು ಎಂದು ನಾನು ಕೇಳುತ್ತಿದ್ದೆ. ನನಗೆ ಗೊತ್ತಿತ್ತು. ಗೊತ್ತಿದ್ದೂ, "ಇಂಥ ಕಟ್ಟು ಹಿಡ್ಕೊಂಡು ಕೂತಿರೋದಕ್ಕೇ ನಾವಿನ್ನೂ ಈ ತಗಡಿನ ಕೆಳಗೇ ಇರೋದು," ಎಂದುಬಿಟ್ಟೆ.

ಅಕ್ಕಿ ಆರಿಸುತ್ತಿದ್ದ ಅವ್ವ ಮೊರ ಕೆಳಗಿಟ್ಟಳು. "ಇಬ್ರೂ ಬಾಯ್ ಮುಚ್ಚಿ. ಕಾಲ್ ಬೇಕು ಅಂತಾನೆ ಅವ್ನು, ಸಮ ಇರ್ಬೇಕು ಅಂತೀಯ ನೀನು. ನಿನ್ ಕಾಲ್ಗೇನ್ ಪೋಲಿಯೋ ಬಂದದಾ? ನೀಡು ಅತ್ತಗೆ."

ನೀಡಿದೆ. ಅಪ್ಪ ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ದಾರ ಸುತ್ತಿದ. ನಾನು ಕಾಲೇಜು ಸೇರಿದ ಮೇಲೆ ಅಂಗಡಿಯ ಚಪ್ಪಲಿಗೆ ಬದಲಾಯಿಸಿದ್ದೆ. ಏಳು ವರ್ಷವಾಗಿತ್ತು ಅವನು ನನ್ನ ಕಾಲಿನ ಅಳತೆ ತೆಗೆದು.

"ಎಡಗಾಲು ಒಂದ್ ಕೂದ್ಲು ಉದ್ದ ಅದೆ ನಿಂಗೆ," ಎಂದ.

"ಇರ್ಲಿ. ಒಂದೇ ಮಾಡ್ಬಿಡು."

ಅವನು ಎರಡು ದಾರಗಳನ್ನೂ ಗೋಡೆಯ ಮೊಳೆಗೆ ಸಿಕ್ಕಿಸಿದ. ಹತ್ತು ದಿನಕ್ಕೆ ಶೂ ಸಿದ್ಧವಾದವು. ನೋಡಲು ಒಂದೇ ಅಚ್ಚು. ಹಾಕಿ ನಡೆದರೆ ಕಾಲಲ್ಲಿ ಏನೋ ಇದೆ ಎಂದೇ ಅನಿಸುತ್ತಿರಲಿಲ್ಲ. ನಾನು, ವಿಜ್ಞಾನ ಓದಿದವಳು, ಅದರ ಮೇಲೆ ಒಂದು ಸ್ಕೇಲು ಇಟ್ಟು ನೋಡಲಿಲ್ಲ.

ಇನ್‌ಸ್ಪೆಕ್ಟರು ಇಟ್ಟರು. ಎಡದ್ದು ಕಾಲಂಗುಲ ಉದ್ದ. ತೂಕದಲ್ಲೂ ಅದಕ್ಕೆ ತಕ್ಕಷ್ಟು ಹೆಚ್ಚು.

"ಯಾಕಮ್ಮ ಹಠ ಮಾಡ್ತೀರಾ? ಈ ಸಲನಾದ್ರೂ..."

"ಅವ್ಳ್ ಕಾಲೇ ಅಂಗದೆ ಸ್ವಾಮಿ," ಎಂದ ಅಪ್ಪ. "ಎಲ್ರ್ದೂ ಅಂಗೇ ಇರ್ತದೆ. ನಿಮ್ದೂ ಅಂಗೇ. ಬೂಟ್ ಬಿಚ್ಚಿ, ಅಳ್ದು ತೋರುಸ್ತೀನಿ." ದಾರ ಹಿಡಿದುಕೊಂಡು ನಿಜವಾಗಿಯೂ ಅವರ ಕಾಲಿನ ಹತ್ತಿರ ಬಗ್ಗಿದ. ಇನ್‌ಸ್ಪೆಕ್ಟರು ಥಟ್ಟನೆ ಕಾಲನ್ನು ಒಳಕ್ಕೆ ಎಳೆದುಕೊಂಡರು.

ಹೊರಡುವಾಗ ನನಗೊಬ್ಬಳಿಗೇ ಹೇಳಿದರು: "ಎರಡು ಸಲ ಆಯ್ತು. ಮೂರನೇ ಸಲ ಫೇಲಾದ್ರೆ ಒಂದು ವರ್ಷ ಅರ್ಜಿ ಹಾಕೋ ಹಾಗಿಲ್ಲ. ಯೋಚನೆ ಮಾಡಿ ಕರೀರಿ ನನ್ನ."

ಅಪ್ಪನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಎರಡು ದಿನ ಮಾತಾಡಲಿಲ್ಲ. ಕಾಲಂಗುಲ! ಕಾಲಂಗುಲವನ್ನು ಬಿಟ್ಟುಕೊಡಲಿಲ್ಲವಲ್ಲ. ಮೂರನೆಯ ದಿನ ಸಿಟ್ಟು ಬೇರೆ ಕಡೆ ತಿರುಗಿತು. ಅಪ್ಪ ತಪ್ಪು ಹೊಲಿದಿರಲಿಲ್ಲ. ತಪ್ಪು ಅಳೆದವರದೂ ಅಲ್ಲ. ಯಾರದೆಂದು ಹುಡುಕುತ್ತ ಹೋದರೆ ಆ ಹಾಳೆ ಬರೆದವನ ಹೆಸರು ಎಲ್ಲೂ ಇರಲಿಲ್ಲ. ಬೈಯಲಿಕ್ಕಾದರೂ ಒಬ್ಬ ಮನುಷ್ಯ ಬೇಕಲ್ಲ.

ಜೂನ್ ಬಂತು. ಲೇತ್ ಕೆಲಸದ ಅಣ್ಣ ಮಗುವನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಶಾಲೆಗೆ ಹೋದರು, ಅರ್ಧ ಗಂಟೆಯಲ್ಲಿ ಹಿಂತಿರುಗಿದರು. ಮಗು ಸ್ಲೇಟನ್ನು ಎದೆಗೆ ಅವಚಿಕೊಂಡಿತ್ತು. ಆಮೇಲೆ ದಿನಾ ಬೆಳಿಗ್ಗೆ ಗೋಡೆ ಹಿಡಿದು ನಮ್ಮ ಶೆಡ್ಡಿಗೆ ಬಂದು ಕೂರುತ್ತಿತ್ತು. "ಅಜ್ಜಾ, ನನ್ ಬೂಟು?" ಎಂದು ಹಲಗೆಯ ಕಡೆ ಕೈ ತೋರುತ್ತಿತ್ತು. "ಅದೆ ಕಣವ್ವಾ, ಅಲ್ಲೇ ಅದೆ," ಎನ್ನುತ್ತಿದ್ದ ಅಪ್ಪ. ಸರಳಿಲ್ಲದೆ ಬೂಟು ಹಾಕಿದರೆ ಆ ಕಾಲು ಇನ್ನೂ ತಿರುಚಿಕೊಳ್ಳುತ್ತದೆ. ಅದಕ್ಕೇ ಹಾಕುವಂತಿರಲಿಲ್ಲ. ಆಷಾಢದಲ್ಲಿ ಒಂದು ದಿನ ಅಪ್ಪ ಸುಮ್ಮನೆ ದಾರ ಹಿಡಿದು ನೋಡಿದ. ಬಲಗಾಲು ಗಂಟಿನಿಂದ ಆಚೆ ಹೋಗಿತ್ತು. ಮಗು ಬೆಳೆಯುತ್ತಿತ್ತು. ಬಲದ ಶೂವಿನ ಹೊಲಿಗೆ ಬಿಚ್ಚಿ ಮತ್ತೆ ಮೊದಲಿನಿಂದ ಕೂತ.

ಅದೇ ವಾರ ಮಾವ ಬಂದ. ಬಂದವನೇ ಬಾಗಿಲಲ್ಲಿ ಸರ್ಕಾರ ಕೊಟ್ಟ ಬೂಟನ್ನು ಕಳಚಿ ಬಲಗಾಲಿನ ಬೆರಳು ನೀವಿಕೊಂಡ.

"ಏನಣ್ಣಾ, ಕಚ್ತದಾ?" ಎಂದಳು ಅವ್ವ. "ನಿಮ್ ಸರ್ಕಾರದೋರ್ಗೆ ಎರಡೂ ಕಾಲು ಸಮ ಇರ್ಬೇಕಂತಲ್ಲ. ನಿನ್ನ ಬೆರಳ್ಗೂ ಯೋಳು, ಸಮ ಇರು ಅಂತ."

ಮಾವ ನಗುತ್ತ ನಗುತ್ತ ಹೇಳಿದ, ಹೇಳುತ್ತಿರುವುದು ಏನೆಂದು ಅವನಿಗೇ ಗೊತ್ತಿರಲಿಲ್ಲ. "ನಮ್ ಕಚೇರೀಲಿ ಪಹರೆಯೋನೊಬ್ಬ ಇದ್ದ ಕಣವ್ವ, ಮಿಲ್ಟ್ರೀಲಿ ಬಲಗಾಲ್ ಕಳ್ಕಂಡಿದ್ದೋನು. ಅವ್ನಿಗೂ ವರ್ಷ ವರ್ಷ ಜೋಡಿ ಬೂಟೇ ಕೊಡೋರು. ಬಲದ್ದು ಅಂಗೇ ರೂಮ್ನಲ್ಲಿ ಬಿದ್ದಿರ್ತಿತ್ತು. ಆಡಿಟ್ನೋರು ಬಂದು ಇದೇನು ಒಂಟಿ ಬೂಟುಗೋಳು ಅಂತ ಗಲಾಟೆ ಮಾಡುದ್ರು. ಆಮೇಲೆ ಸೂಪ್ರಿಂಡೆಂಟ್ರು ಜೋಡಿ ಅನ್ನೋದನ್ನೇ ತಗ್ಸಿ, ಎಡ ಬೂಟು, ಒಂದು, ಅಂತ ಬರ್ಸುದ್ರು. ಅವತ್ತಿಂದ ಗಲಾಟೆ ಇಲ್ಲ."

ನಾನು ಎದ್ದು ನಿಂತೆ. "ಆಡಿಟ್‌ನವರು ಒಪ್ಪಿದರಾ?"

"ಒಪ್ದೆ? ಜೋಡೀನೇ ಇಲ್ಲ ಅಂದ್ಮೇಲೆ ಸಮ ಯಾವ್ದುಕ್ಕೆ ನೋಡೋರು?"

"ಆ ಫೈಲು ಎಲ್ಲಿದೆ ಮಾವ?"

ಅವನ ನಗು ನಿಂತಿತು. ನನ್ನನ್ನು ನೋಡಿದ, ಹಲಗೆಯ ಮೇಲಿದ್ದ ಬಿಚ್ಚಿದ ಶೂವನ್ನು ನೋಡಿದ, ಸ್ಲೇಟು ಹಿಡಿದು ಕೂತಿದ್ದ ಮಗುವನ್ನು ನೋಡಿದ. "ಫೈಲ್ ತಂದ್ರೆ ನನ್ ಕೆಲ್ಸ ಓಯ್ತದೆ," ಎಂದ. ಕಳಚಿದ ಬೂಟನ್ನು ಹತ್ತಿರಕ್ಕೆ ಎಳೆದುಕೊಂಡು, "ನಂಬ್ರು ತಂದ್ರೆ ಓಗಾಕಿಲ್ಲ," ಎಂದ.

ಹದಿನೈದು ದಿನ ಹಿಡಿಯಿತು. ಹಳೆಯ ಕಟ್ಟುಗಳನ್ನು ಕಟ್ಟಿ ಅಟ್ಟಕ್ಕೇರಿಸುತ್ತಿದ್ದವನು ಅವನೇ ಆದ್ದರಿಂದ ಯಾರೂ ಕೇಳಲಿಲ್ಲವಂತೆ. ಬಸ್ ಟಿಕೆಟ್ಟಿನ ಹಿಂದೆ ಪೆನ್ಸಿಲ್ಲಿನಲ್ಲಿ ನಂಬರು ಗೀಚಿಕೊಂಡು ಬಂದ. ಓದಲು ಬಾರದ ಇಂಗ್ಲಿಷ್ ಅಕ್ಷರಗಳನ್ನು ಚಿತ್ರ ಬರೆದ ಹಾಗೆ ಬರೆದಿದ್ದ.

ನಾನು ಹೊಸ ಅರ್ಜಿ ಬರೆದೆ. ಜೋಡಿ ಎಂಬ ಮಾತನ್ನು ಎಲ್ಲೂ ಹಾಕಲಿಲ್ಲ. ಒಂದನೆಯ ಸಾಮಗ್ರಿ: ಎಡ ಶೂ, ಒಂದು, ಲಗತ್ತಿಸಿದ ಎಡಪಾದದ ಅಳತೆಗೆ ತಕ್ಕಂತೆ. ಎರಡನೆಯ ಸಾಮಗ್ರಿ: ಬಲ ಶೂ, ಒಂದು, ಲಗತ್ತಿಸಿದ ಬಲಪಾದದ ಅಳತೆಗೆ ತಕ್ಕಂತೆ. ಆಧಾರ ಎಂದು ಬರೆದು ಆ ನಂಬರನ್ನು ಕೆಳಗೆ ಹಾಕಿದೆ.

ಗುಮಾಸ್ತರು ಅರ್ಜಿಯನ್ನು ಎಂದಿನ ಹಾಗೆ ತಿರುಗಿಸಿ ಹಾಕಲು ಹೋದವರು ನಂಬರು ನೋಡಿ ನಿಂತರು. ಬೆರಳಿಟ್ಟು ಒಂದೊಂದೇ ಅಂಕಿ ಓದಿದರು.

"ಹಿಂದಿನ ಉದಾಹರಣೆ ಇದೆಯಲ್ಲಮ್ಮ! ಇದನ್ನ ಮೊದಲೇ ಹೇಳಬಾರ್ದಾ? ಸುಮ್ನೆ ನಮ್ಮ ಟೈಮ್ ವೇಸ್ಟ್ ಮಾಡಿದ್ರಿ."

ಶಿವರಾತ್ರಿಯಿಂದ ಶ್ರಾವಣದವರೆಗೆ ನಾನು ಹೇಳಿದ್ದೇನು ಹಾಗಾದರೆ? ಕಾಲು ಸಮ ಇರುವುದಿಲ್ಲ ಎಂದು ಹೇಳಿದೆ, ಮಗುವನ್ನು ತಂದು ಕೂರಿಸಿದೆವು, ಡಿಗ್ರಿ ತೋರಿಸಿದೆ. ಯಾವುದಕ್ಕೂ ತೆರೆಯದ ಬಾಗಿಲು, ಸತ್ತನೋ ಬದುಕಿದ್ದಾನೋ ಗೊತ್ತಿಲ್ಲದ ಒಬ್ಬ ಪಹರೆಯವನ ಒಂಟಿ ಬೂಟಿಗೆ ತೆರೆಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ತಪ್ಪಾಯ್ತು ಸಾರ್," ಎಂದೆ.

ಮೂರನೆಯ ಸಲ ಬಂದ ಇನ್‌ಸ್ಪೆಕ್ಟರು ಎಡ ಶೂವನ್ನು ಎಡಪಾದದ ಅಳತೆಗೆ ಹಿಡಿದು ನೋಡಿ ಒಂದು ವರದಿ ಬರೆದರು. ಅದನ್ನು ಮಡಿಸಿಟ್ಟು ಬಲದ್ದಕ್ಕೆ ಇನ್ನೊಂದು ವರದಿ ಬರೆದರು. ತಕ್ಕಡಿಯನ್ನು ಚೀಲದಿಂದ ತೆಗೆಯಲೇ ಇಲ್ಲ. "ಒಂದ್ ಕಾಲ್ಗೊಂದ್ ಕಾಗ್ದ," ಎಂದು ಅಪ್ಪ ಗೊಣಗಿದ. ಎರಡೂ ಪಾಸು. ಅವು ಅದೇ ಶೂಗಳು, ಮೊದಲ ದಿನ ಡಿಫೆಕ್ಟಿವ್ ಆಗಿದ್ದವು. ಬಲದ್ದು ಅರ್ಧ ಬೆರಳು ಬೆಳೆದಿತ್ತು, ಅಷ್ಟೇ. ಹೊರಡುವಾಗ ಅಪ್ಪ ಕೈಯಲ್ಲಿ ದಾರ ಹಿಡಿದುಕೊಂಡೇ ನಿಂತಿದ್ದ. ಅವರು ಅದನ್ನು ಕಂಡೂ ಕಾಣದ ಹಾಗೆ ಶೆಡ್ಡಿನ ತಗಡಿನ ಕೆಳಗೆ ತಲೆ ಬಗ್ಗಿಸಿ ಹೋದರು.

ನೋಂದಣಿ ಪತ್ರವನ್ನು ಬಂದು ತಗೊಂಡು ಹೋಗಿ ಎಂದು ಕಾರ್ಡು ಬಂದದ್ದು ಗೌರಿ ಹಬ್ಬ ಕಳೆದ ಮೇಲೆ. ಶಾಲೆಯ ದಾಖಲಾತಿ ಮುಗಿದು ಎಷ್ಟೋ ದಿನವಾಗಿತ್ತು. ಪಕ್ಕದ ಮನೆಯ ಮಗು ನಡೆದುಕೊಂಡು ಶಾಲೆಗೆ ಹೋದದ್ದು ಮುಂದಿನ ಜೂನ್‌ನಲ್ಲಿ, ತನಗಿಂತ ಒಂದು ವರ್ಷ ಚಿಕ್ಕವರ ಜೊತೆ. ಆ ಒಂದು ವರ್ಷವನ್ನು ವಾಪಸು ಕೇಳಲು ಯಾವ ಕಚೇರಿಯಲ್ಲಿ ಯಾವ ಅರ್ಜಿ ಹಾಕಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಪತ್ರ ತರಲು ಮಾವನೂ ನನ್ನ ಜೊತೆ ಬಂದ. ಊಟದ ಹೊತ್ತಿನಲ್ಲಿ ತನ್ನ ಕಚೇರಿಯಿಂದ ತಪ್ಪಿಸಿಕೊಂಡು ಬಿಳಿ ಸಮವಸ್ತ್ರದಲ್ಲೇ ಬಂದಿದ್ದ. ಅಭ್ಯಾಸಬಲದಿಂದ ಬಾಗಿಲ ಪಕ್ಕದಲ್ಲೇ ನಿಂತ. ಗುಮಾಸ್ತರು ಕಾಗದ ಹುಡುಕಿ ತೆಗೆದು, ತಲೆಯೆತ್ತದೆ, ಬಿಳಿ ಬಟ್ಟೆ ಕಂಡ ಕಡೆಗೆ ಚಾಚಿದರು. ಯಾವ ಜವಾನನಾದರೂ ಹೀಗೆ ಚಾಚಿದ ಕಾಗದವನ್ನು ಯೋಚಿಸದೆ ತಗೊಳ್ಳುತ್ತಾನೆ. ಮಾವನ ಕೈಯೂ ಅರ್ಧ ಮುಂದೆ ಹೋಯಿತು. ಆಮೇಲೆ ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಂಗಲ್ಲ ಸ್ವಾಮಿ. ಅವ್ರಿಗ್ ಕೊಡಿ. ಅವ್ರು ಕಂಟ್ರಾಕ್ಟರು."

ಅವನು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು, ಅದೇ ಕೊನೆ. ಗುಮಾಸ್ತರು ತಲೆಯೆತ್ತಿದರು. ಪತ್ರವನ್ನು ನನ್ನ ಕೈಗೇ ಕೊಟ್ಟರು. ಮೇಜಿನ ಮೇಲಿಡಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಮಾವ ಅದನ್ನು ಇಸಕೊಂಡು ಬಿಸಿಲಿಗೆ ಹಿಡಿದ. ನನ್ನ ಹೆಸರು ಎಲ್ಲಿದೆಯೆಂದು ಕೇಳಲಿಲ್ಲ. ಕೆಳಗಿನ ಮೂಲೆಯನ್ನೇ ನೋಡಿದ. ನೇರಳೆ ಬಣ್ಣದ ಸೀಲು ವಾಲಿಕೊಂಡು ಅರ್ಧ ಸಹಿಯ ಮೇಲೆ ಬಿದ್ದಿತ್ತು, ಒಂದು ಕಡೆ ಅಕ್ಷರವೇ ಮೂಡಿರಲಿಲ್ಲ.

"ಸೊಟ್ಟಗ್ ಬಿದ್ದದೆ ಮಗಾ," ಎಂದ. "ಅಸಲೀದೇ."